ಹಿತ್ತಲ ಮನೆಗೆ ಎಷ್ಟು ಅಡಿ ಬಿಡಬೇಕು?

(ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯ ಹಿತ್ತಲಲ್ಲಿ ಇನ್ನೊಂದು ಸಣ್ಣ ಮನೆ ಕಟ್ಟಲು ಅವಕಾಶ ಕೊಡುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 1982ರಲ್ಲಿ. ಅದಾಗಿ ಮೂವತ್ತು ವರ್ಷ ಕಳೆದರೂ ಅಂಥ ಮನೆಗಳು ಅಲ್ಲೊಂದು ಇಲ್ಲೊಂದು ಎದ್ದವು, ಅಷ್ಟೇ. 2016ರಲ್ಲಿ ಇಡೀ ರಾಜ್ಯದಲ್ಲಿ ಪರ್ಮಿಟ್ ಸಿಕ್ಕಿದ್ದು ಸಾವಿರದ ಚಿಲ್ಲರೆ ಮನೆಗಳಿಗೆ. ಆರು ವರ್ಷದ ನಂತರ, 2022ರಲ್ಲಿ, ಆ ಸಂಖ್ಯೆ ಇಪ್ಪತ್ತು ಸಾವಿರ ದಾಟಿತ್ತು.

ಈ ನಡುವೆ ಸೈಟುಗಳೇನೂ ದೊಡ್ಡದಾಗಲಿಲ್ಲ. ಬದಲಾದದ್ದು ಸಣ್ಣ ಸಣ್ಣ ಲೆಕ್ಕಗಳು. ಗಡಿಯಿಂದ ಎಷ್ಟು ಅಡಿ ಬಿಡಬೇಕು, ಕಾರಿಗೆ ಎಷ್ಟು ಜಾಗ ತೋರಿಸಬೇಕು, ಶುಲ್ಕ ಎಷ್ಟು ಕಟ್ಟಬೇಕು, ಅರ್ಜಿಗೆ ಊರಿನವರು ಎಷ್ಟು ದಿನದಲ್ಲಿ ಉತ್ತರ ಕೊಡಬೇಕು. ಇವತ್ತು ನನ್ನ ಮಾತೆಲ್ಲ ಈ ಲೆಕ್ಕಗಳ ಮೇಲೆಯೇ. "ಕಟ್ಟಬಹುದು" ಎಂದು ಕಾನೂನು ಹೇಳಿದ ಮಾತ್ರಕ್ಕೆ ಮನೆ ಏಳುವುದಿಲ್ಲ. ಈ ಲೆಕ್ಕಗಳು ನಿಮ್ಮ ಸೈಟಿನ ಮೇಲೆ ಕೂರಬೇಕು. ಮನೆ ನಕ್ಷೆಗಳ ಕೆಲಸ ಮಾಡುತ್ತಾ ನಾನು ಇದನ್ನು ದಿನಾ ನೋಡುತ್ತೇನೆ. ಜನ ಅಡುಗೆ ಮನೆಯ ಟೈಲ್ಸ್ ಬಣ್ಣ ಆರಿಸಿಕೊಂಡು ಬರುತ್ತಾರೆ, ಆದರೆ ಹಿಂದಿನ ಗಡಿಯಿಂದ ಮನೆಗೆ ಎಷ್ಟು ಅಡಿ ಇದೆ ಎಂದು ಅಳೆದಿರುವುದಿಲ್ಲ.

ಮೊದಲು ಬುಡದಿಂದ ಹೇಳುತ್ತೇನೆ. ಅಮೆರಿಕದ ಹೆಚ್ಚಿನ ಊರುಗಳಲ್ಲಿ ಪ್ರತಿ ಸೈಟಿಗೂ ಒಂದು ಜೋನ್, ಅಂದರೆ ಅಲ್ಲಿ ಏನು ಕಟ್ಟಬಹುದು ಎಂದು ಹೇಳುವ ವಲಯ, ಇರುತ್ತದೆ. ನಕ್ಷೆಯಲ್ಲಿ ಆರ್-1 ಎಂದೋ ಇನ್ನೇನೋ ಗುರುತು ಹಾಕಿರುತ್ತಾರೆ. ಆ ಗುರುತಿನ ಹಿಂದೆ ಒಂದು ಯೋಚನೆ ಇದೆ: ಒಂದು ಸೈಟಿಗೆ ಒಂದು ಮುಖ್ಯ ಬಳಕೆ, ಉಳಿದದ್ದೆಲ್ಲ ಅದಕ್ಕೆ ಅಂಟಿಕೊಂಡು ಬರುವಂಥದ್ದು. ಮನೆ ಮುಖ್ಯ. ಗ್ಯಾರೇಜು, ಶೆಡ್ಡು, ಕೋಳಿ ಗೂಡು, ಮರಗೆಲಸದ ಕೊಠಡಿ, ಈಜುಕೊಳದ ಪಕ್ಕದ ಕೋಣೆ ಎಲ್ಲವೂ ಉಪ ಕಟ್ಟಡಗಳು. ಅವು ಮುಖ್ಯ ಮನೆಗೆ ಅಡಿಯಾಳಾಗಿರಬೇಕು, ಮನೆ ಇರುವ ಕಡೆ ಸಾಮಾನ್ಯವಾಗಿ ಕಾಣುವಂಥವಾಗಿರಬೇಕು. ಆದ್ದರಿಂದಲೇ ಖಾಲಿ ಸೈಟು ಕೊಂಡು, ಮೊದಲು ಶೆಡ್ ಹಾಕೋಣ, ಮನೆ ಆಮೇಲೆ ನೋಡೋಣ ಅಂದರೆ ಹೆಚ್ಚಿನ ಊರುಗಳು ಒಪ್ಪುವುದಿಲ್ಲ. ಮುಖ್ಯ ಕಟ್ಟಡವೇ ಇಲ್ಲದೆ ಉಪ ಕಟ್ಟಡ ಹೇಗೆ ಬರುತ್ತದೆ, ಅಲ್ವಾ?

ಹಾಗಾದರೆ ಹಿತ್ತಲ ಕಟ್ಟಡವೊಂದು "ಮನೆ" ಆಗುವುದು ಯಾವಾಗ? ವಾಸಕ್ಕೆ, ಮಲಗಲು, ಉಣ್ಣಲು, ಅಡುಗೆಗೆ, ಶೌಚಕ್ಕೆ ಕಾಯಂ ವ್ಯವಸ್ಥೆ ಇದ್ದಾಗ. ಕ್ಯಾಲಿಫೋರ್ನಿಯಾದ ಕಾನೂನು ಈ ಐದನ್ನೂ ಹೆಸರಿಸುತ್ತದೆ. ಆದರೆ ನಿಜಕ್ಕೂ ಎಲ್ಲರ ಕಣ್ಣು ಇರುವುದು ಒಲೆಯ ಮೇಲೆ. ಹಾಸಿಗೆ ಹಾಕಿ, ಬಾತ್‌ರೂಮ್ ಕಟ್ಟಿಸಿ, ಅದನ್ನು ಅತಿಥಿಗಳ ಕೋಣೆ ಎನ್ನಬಹುದು. ಒಲೆ ಬಂದ ಕೂಡಲೇ ಅದು ಇನ್ನೊಂದು ಮನೆ. ಪಾರ್ಕಿಂಗ್, ಶುಲ್ಕ, ಬೇರೆ ವಿಳಾಸ ಎಲ್ಲ ಪ್ರಶ್ನೆಗಳೂ ಅಲ್ಲಿಂದ ಶುರು. ಹೀಗೆ ಇನ್ನೊಂದು ಮನೆಯಾದ ಕಟ್ಟಡಕ್ಕೆ ಇಲ್ಲಿ ಎಡಿಯು ಎನ್ನುತ್ತಾರೆ. ನಾನು ಹಿತ್ತಲ ಮನೆ ಎಂದೇ ಕರೆಯುತ್ತೇನೆ.

ಈ ನಿಯಮಗಳು ಎಲ್ಲಿಂದ ಬಂದವು ಎಂದು ತಿಳಿದರೆ ಅವುಗಳ ಸ್ವಭಾವ ಬೇಗ ಅರ್ಥವಾಗುತ್ತದೆ. ನ್ಯೂಯಾರ್ಕ್ ನಗರ 1916ರಲ್ಲಿ ಇಡೀ ಊರಿಗೆ ಜೋನಿಂಗ್ ತಂದಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಎನ್ನುವ ವಲಯ ಹುಟ್ಟಿತು. ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಎನ್ನುವ ಸಣ್ಣ ಊರು 1922ರಲ್ಲಿ ಇಂಥ ನಿಯಮ ಮಾಡಿದಾಗ, ಅಲ್ಲಿ 68 ಎಕರೆ ಇಟ್ಟುಕೊಂಡಿದ್ದ ಆಂಬ್ಲರ್ ರಿಯಾಲ್ಟಿ ಕಂಪನಿ ಕೋರ್ಟಿಗೆ ಹೋಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಬಂತು. 1926ರ ನವೆಂಬರಿನಲ್ಲಿ ಕೋರ್ಟು ಊರಿನ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ಒಂದು ಮಾತಿದೆ. ಮನೆಗಳ ಬೀದಿಗೆ ಬರುವ ಅಪಾರ್ಟ್‌ಮೆಂಟನ್ನು ನ್ಯಾಯಮೂರ್ತಿ ಸದರ್‌ಲ್ಯಾಂಡ್ ಪರಾವಲಂಬಿ ಜೀವಿ ಎಂದು ಕರೆದರು. ಸುತ್ತಲಿನ ಮನೆಗಳು ಬಿಟ್ಟಿರುವ ಗಾಳಿ ಬೆಳಕನ್ನು ಅದು ಬಳಸಿಕೊಳ್ಳುತ್ತದೆ ಅಂತ. ಈ ಭಾವನೆ ಇವತ್ತಿಗೂ ಹೋಗಿಲ್ಲ. ಹಿತ್ತಲಲ್ಲಿ ಎರಡು ಕೋಣೆ ಹಾಕಲು ಹೊರಟವರ ಬಗ್ಗೆ ಪಕ್ಕದ ಮನೆಯವರು ಊರಿನ ಸಭೆಯಲ್ಲಿ ಆಡುವ ಮಾತಿನಲ್ಲಿ ಅದೇ ಧ್ವನಿ ಕೇಳಿಸುತ್ತದೆ.

ಅದಕ್ಕೂ ಮೊದಲು ಹಿತ್ತಲ ಮನೆ ವಿಚಿತ್ರವಾಗಿರಲಿಲ್ಲ. ಹಳೆಯ ಊರುಗಳ ಹಿಂಬದಿ ಓಣಿಗಳಲ್ಲಿ ಕುದುರೆ ಗಾಡಿ ನಿಲ್ಲಿಸುವ ಕಟ್ಟಡ, ಅದರ ಮೇಲೆ ಕೆಲಸದವರ ಮನೆ ಇರುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗು ಕಟ್ಟುವ ಕಾರ್ಮಿಕರಿಗೆ ಮನೆ ಸಾಲದೆ ಸ್ಯಾನ್ ಫ್ರಾನ್ಸಿಸ್ಕೋ ಕಡೆ ದೊಡ್ಡ ಮನೆಗಳನ್ನು ಒಡೆದು ಸಣ್ಣ ಸಣ್ಣ ಮನೆ ಮಾಡಿದರು. ಯುದ್ಧ ಮುಗಿದ ಮೇಲೆ ಹೊಸ ಉಪನಗರಗಳು ಎದ್ದವು, ಒಂದು ಸೈಟಿಗೆ ಒಂದೇ ಮನೆ ಎನ್ನುವುದು ಕಟ್ಟುನಿಟ್ಟಾಯಿತು.

ನನ್ನ ಮನಸ್ಸಿನಲ್ಲಿ ಸದಾ ಇರುವ ಮೊಕದ್ದಮೆ ಇನ್ನೊಂದು. ಇದೂ ಕ್ಲೀವ್‌ಲ್ಯಾಂಡ್ ಪಕ್ಕದ್ದೇ, ಈಸ್ಟ್ ಕ್ಲೀವ್‌ಲ್ಯಾಂಡ್ ಊರಿನದು. ಅಲ್ಲಿ ಐನೆಜ್ ಮೂರ್ ಎಂಬ ಅಜ್ಜಿ ತನ್ನ ಮಗ ಮತ್ತು ಇಬ್ಬರು ಮೊಮ್ಮಕ್ಕಳ ಜೊತೆ ಒಂದೇ ಮನೆಯಲ್ಲಿದ್ದರು. ಆ ಮೊಮ್ಮಕ್ಕಳು ಅಣ್ಣ ತಮ್ಮಂದಿರಲ್ಲ, ಬೇರೆ ಬೇರೆ ಮಕ್ಕಳ ಮಕ್ಕಳು. ಒಬ್ಬ ಹುಡುಗ ತಾಯಿ ತೀರಿಕೊಂಡ ಮೇಲೆ ಅಜ್ಜಿಯ ಮನೆಗೆ ಬಂದವನು. ಊರಿನ ನಿಯಮ "ಕುಟುಂಬ" ಎಂದರೆ ಯಾರು ಎಂದು ಪಟ್ಟಿ ಮಾಡಿತ್ತು. ಆ ಪಟ್ಟಿಯಲ್ಲಿ ಈ ಹುಡುಗ ಬರುತ್ತಿರಲಿಲ್ಲ. ಅವನನ್ನು ಹೊರಗೆ ಕಳಿಸದ ತಪ್ಪಿಗೆ ಅಜ್ಜಿಗೆ ಐದು ದಿನ ಜೈಲು, 25 ಡಾಲರ್ ದಂಡ. ಸುಪ್ರೀಂ ಕೋರ್ಟು 1977ರಲ್ಲಿ ಆ ನಿಯಮವನ್ನು ತಳ್ಳಿಹಾಕಿತು. ಅದೂ ಐದಕ್ಕೆ ನಾಲ್ಕು ಮತಗಳಿಂದ. ಒಂದು ಮತ ಆ ಕಡೆ ಹೋಗಿದ್ದರೆ ಅಜ್ಜಿ ಮೊಮ್ಮಗನನ್ನು ಸಾಕಿದ್ದೇ ಅಪರಾಧವಾಗಿ ಉಳಿಯುತ್ತಿತ್ತು. ಜೋನಿಂಗ್ ಅಂದರೆ ಗೋಡೆ, ಎತ್ತರ, ಅಡಿಗಳ ವಿಷಯ ಮಾತ್ರ ಎಂದುಕೊಂಡವರು ಈ ಮೊಕದ್ದಮೆಯನ್ನು ನೆನಪಿಡಬೇಕು. ಯಾರು ಯಾರ ಜೊತೆ ಬಾಳಬಹುದು ಎನ್ನುವುದರ ತನಕ ಅದರ ಕೈ ಚಾಚಿತ್ತು.

ಈಗ ಶೆಡ್ಡುಗಳ ವಿಷಯ ಬೇಗ ಮುಗಿಸುತ್ತೇನೆ. ಬಹಳ ಜನ ಕೇಳಿರುವ ಮಾತು, "ಸಣ್ಣ ಶೆಡ್ಡಿಗೆ ಪರ್ಮಿಟ್ ಬೇಡ." ಇದು ಅರ್ಧ ನಿಜ. ದೇಶದ ಹೆಚ್ಚಿನ ಕಡೆ ಆಧಾರವಾಗಿ ಇಟ್ಟುಕೊಳ್ಳುವ ಮನೆ ಕಟ್ಟಡದ ಮಾದರಿ ಸಂಹಿತೆಯಲ್ಲಿ 200 ಚದರ ಅಡಿಯೊಳಗಿನ ಒಂದೇ ಅಂತಸ್ತಿನ ಬಿಡಿ ಶೆಡ್ಡಿಗೆ ಕಟ್ಟಡ ಪರ್ಮಿಟ್ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಆ ಮಿತಿ 120 ಚದರ ಅಡಿ. ಆದರೆ ಕಟ್ಟಡ ಪರ್ಮಿಟ್ ಬೇಡ ಅಂದರೆ ಜೋನಿಂಗ್ ನಿಯಮ ಬಿಟ್ಟಿದ್ದಾರೆ ಅಂತಲ್ಲ. ಎರಡೂ ಬೇರೆ ಬೇರೆ. ಶೆಡ್ಡನ್ನು ಮನೆಯ ಮುಂದೆ ಹಾಕಬಾರದು, ಗಡಿಯಿಂದ ಇಷ್ಟು ದೂರ ಇರಬೇಕು, ಇಷ್ಟು ಎತ್ತರ ಮೀರಬಾರದು, ಸೈಟಿನ ಇಷ್ಟು ಭಾಗಕ್ಕಿಂತ ಜಾಸ್ತಿ ಮುಚ್ಚಬಾರದು, ಇವೆಲ್ಲ ಅನ್ವಯಿಸುತ್ತವೆ. ವಿದ್ಯುತ್ ಎಳೆದರೆ ಅದಕ್ಕೆ ಬೇರೆ ಪರ್ಮಿಟ್, ನಲ್ಲಿ ಹಾಕಿದರೆ ಇನ್ನೊಂದು. ಅಂಗಡಿಯಿಂದ ರೆಡಿಮೇಡ್ ಶೆಡ್ ತಂದು ಬೇಲಿಗೆ ತಾಗಿಸಿ ಇಟ್ಟು, ಪಕ್ಕದವರು ದೂರು ಕೊಟ್ಟ ಮೇಲೆ ಎತ್ತಿ ಜರುಗಿಸಿದವರು ಬಹಳ ಮಂದಿ.

ಇಲ್ಲೇ ಒಂದು ಮುಖ್ಯ ಎಚ್ಚರಿಕೆ. ಬೇಲಿ ಗಡಿಯಲ್ಲ. ಬೇಲಿ ಹಾಕಿದವರು ಯಾವಾಗಲೋ ಯಾರೋ. ಅದು ಗಡಿಯಿಂದ ಒಂದು ಅಡಿ ಒಳಗೋ ಹೊರಗೋ ಇರುವುದು ತೀರಾ ಸಾಮಾನ್ಯ. ನಿಯಮದಲ್ಲಿ ಹೇಳುವ ಅಡಿಗಳೆಲ್ಲ ದಾಖಲೆಯ ಗಡಿಯಿಂದ ಲೆಕ್ಕ. ಮುಂದೆ ಹೇಳಲಿರುವ ನಾಲ್ಕು ಅಡಿಯ ಆಟದಲ್ಲಿ ಒಂದು ಅಡಿ ತಪ್ಪಿದರೆ ಏನಾಗುತ್ತದೆ ಯೋಚಿಸಿ. ಸರ್ವೇಯರನ್ನು ಕರೆಸಿ ಮೂಲೆಗಳನ್ನು ಗುರುತು ಮಾಡಿಸಿ. ಆ ಖರ್ಚನ್ನು ಉಳಿಸಲು ಹೋಗಬೇಡಿ.

ಈಗ ನಾಲ್ಕು ಅಡಿಯ ಲೆಕ್ಕಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ನೋಡೋಣ.

50 ಅಡಿ ಅಗಲ, 100 ಅಡಿ ಉದ್ದದ ಸೈಟು ಎಂದಿಟ್ಟುಕೊಳ್ಳಿ. ಮನೆ ಮುಂಭಾಗದಲ್ಲಿದೆ. ಮನೆಯ ಹಿಂಗೋಡೆಯಿಂದ ಹಿಂದಿನ ಗಡಿಗೆ 30 ಅಡಿ ಉಳಿದಿದೆ. ಊರಿನ ಹಳೆಯ ನಿಯಮ ಹೀಗಿದೆ ಅನ್ನಿ: ಹಿಂದೆ 20 ಅಡಿ ಬಿಡಬೇಕು, ಎರಡು ಕಟ್ಟಡಗಳ ನಡುವೆ 10 ಅಡಿ ಇರಬೇಕು. 30ರಲ್ಲಿ 20 ಕಳೆದು, ಮತ್ತೆ 10 ಕಳೆಯಿರಿ. ಉಳಿದದ್ದು ಸೊನ್ನೆ. ಕಾನೂನು ಕಟ್ಟಬಹುದು ಎನ್ನುತ್ತಲೇ ಇದೆ, ಆದರೆ ಕಟ್ಟಲು ಒಂದು ಅಂಗುಲ ಜಾಗವಿಲ್ಲ.

2020ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಹಿಂದೆ ಮತ್ತು ಪಕ್ಕಗಳಲ್ಲಿ ನಾಲ್ಕು ಅಡಿಗಿಂತ ಜಾಸ್ತಿ ಬಿಡಿ ಎಂದು ಊರು ಕೇಳುವ ಹಾಗಿಲ್ಲ. ಅದೇ ಸೈಟು, ಅದೇ ಮನೆ. 30ರಲ್ಲಿ 4 ಕಳೆಯಿರಿ, ನಡುವಿನ 10 ಕಳೆಯಿರಿ, 16 ಅಡಿ ಉಳಿಯಿತು. ಅಗಲ 50ರಲ್ಲಿ ಎರಡೂ ಪಕ್ಕದ ಎಂಟು ಕಳೆದರೆ 42. ಹದಿನಾರು ನಲವತ್ತೆರಡಲೆ 672 ಚದರ ಅಡಿ. ಒಂದು ಮಲಗುವ ಕೋಣೆ, ಹಾಲು, ಅಡುಗೆ ಮನೆ, ಬಾತ್‌ರೂಮ್ ಆರಾಮಾಗಿ ಕೂರುತ್ತವೆ. ಅಪ್ಪ ಅಮ್ಮ ಇರಬಹುದು, ಬಾಡಿಗೆಗೆ ಕೊಡಬಹುದು. ಸೊನ್ನೆಯಿಂದ 672ಕ್ಕೆ ಏರಿದ್ದು ಬರೀ ಒಂದು ಅಂಕಿ ಬದಲಾದದ್ದರಿಂದ.

ಆದರೆ ಜೋನಿಂಗ್ ಬಿಟ್ಟುಕೊಟ್ಟ ಅಡಿಗಳನ್ನು ಕಟ್ಟಡ ಸಂಹಿತೆ ಇನ್ನೊಂದು ಕಡೆಯಿಂದ ಕೇಳುತ್ತದೆ. ಗಡಿಯಿಂದ ಐದು ಅಡಿಯೊಳಗೆ ಗೋಡೆ ಬಂದರೆ ಅದು ಒಂದು ಗಂಟೆ ಬೆಂಕಿ ತಡೆಯುವ ಗೋಡೆಯಾಗಿರಬೇಕು. ಮೂರರಿಂದ ಐದು ಅಡಿಯ ನಡುವೆ ಇದ್ದರೆ ಆ ಗೋಡೆಯಲ್ಲಿ ಕಿಟಕಿ ಬಾಗಿಲು ಕಾಲು ಭಾಗ ಮೀರಬಾರದು. ಮೂರು ಅಡಿಗಿಂತ ಹತ್ತಿರ ಹೋದರೆ ಕಿಟಕಿಯೇ ಇಲ್ಲ. ಬೆಂಕಿ ಬಿದ್ದಾಗ ನೀರು ಚಿಮ್ಮುವ ಸ್ಪ್ರಿಂಕ್ಲರ್ ಹಾಕಿದರೆ ಈ ಅಳತೆಗಳು ಸಡಿಲವಾಗುತ್ತವೆ. ಆದ್ದರಿಂದ ಜಾಗ ಇರುವವರಿಗೆ ನನ್ನ ಸಲಹೆ: ನಾಲ್ಕರ ಬದಲು ಐದು ಅಡಿ ಬಿಡಿ. ನಮ್ಮ ಉದಾಹರಣೆಯಲ್ಲಿ 15 ಅಡಿಗೆ 40 ಅಡಿ, 600 ಚದರ ಅಡಿ ಸಿಗುತ್ತದೆ. 72 ಚದರ ಅಡಿ ಹೋಯಿತು, ನಿಜ. ಆದರೆ ಗೋಡೆಯ ಖರ್ಚು ಇಳಿಯುತ್ತದೆ, ಒಳಗೆ ಬೆಳಕು ಬರುತ್ತದೆ. ವಯಸ್ಸಾದವರು ದಿನವಿಡೀ ಇರುವ ಮನೆಯಲ್ಲಿ ಬೆಳಕಿಗೆ ಬೆಲೆ ಕಟ್ಟಲಾಗದು.

ಮುಂದಿನ ಅಂಕಿ ಪಾರ್ಕಿಂಗ್. ಹಳೆಯ ನಿಯಮಗಳಲ್ಲಿ ಹೊಸ ಮನೆಗೆ ಒಂದೋ ಎರಡೋ ಕಾರಿನ ಜಾಗ ಸೈಟಿನೊಳಗೇ ತೋರಿಸಬೇಕಿತ್ತು. ಕೆಲವು ಕಡೆ ಅದಕ್ಕೆ ಮೇಲ್ಛಾವಣಿಯೂ ಬೇಕಿತ್ತು. ಗ್ಯಾರೇಜನ್ನು ಮನೆ ಮಾಡಿದರೆ, ಕಳೆದುಕೊಂಡ ಪಾರ್ಕಿಂಗ್ ಜಾಗವನ್ನು ಬೇರೆಡೆ ಕೊಡಬೇಕಿತ್ತು. ಬೇರೆಡೆ ಎಲ್ಲಿ? ಈಗ ಕ್ಯಾಲಿಫೋರ್ನಿಯಾದಲ್ಲಿ ಬಸ್ಸು ರೈಲಿನಿಂದ ಅರ್ಧ ಮೈಲಿ ನಡಿಗೆಯೊಳಗಿನ ಸೈಟುಗಳಲ್ಲಿ ಹಿತ್ತಲ ಮನೆಗೆ ಪಾರ್ಕಿಂಗ್ ಕೇಳುವಂತಿಲ್ಲ. ಗ್ಯಾರೇಜ್ ಬದಲಾಯಿಸಿದರೆ ಹೊಸ ಪಾರ್ಕಿಂಗ್ ಕೇಳುವಂತಿಲ್ಲ. ಹಳೆಯ ಗ್ಯಾರೇಜ್ ಗಡಿಗೆ ಅಂಟಿಕೊಂಡಿದ್ದರೂ ಪರವಾಗಿಲ್ಲ. ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಮನೆ ಮಾಡಿದರೆ ನಾಲ್ಕು ಅಡಿಯ ಪ್ರಶ್ನೆಯೂ ಬರುವುದಿಲ್ಲ. ಇಕ್ಕಟ್ಟಾದ ಸೈಟಿನವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಶುಲ್ಕದ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಹಿತ್ತಲ ಮನೆಗೆ ಮೊದಲಿನಿಂದಲೂ ಅವಕಾಶವಿತ್ತು. ಆದರೆ ರಸ್ತೆ, ನೀರು, ಚರಂಡಿ, ಪಾರ್ಕು ಎಂದು ಸಾವಿರಾರು ಡಾಲರ್ ಅಭಿವೃದ್ಧಿ ಶುಲ್ಕ ಕಟ್ಟಬೇಕಿತ್ತು. 2010ರಲ್ಲಿ ನಗರ ಆ ಶುಲ್ಕವನ್ನು ಬಿಟ್ಟಿತು. ವರ್ಷಕ್ಕೆ ಕೆಲವೇ ಡಜನ್ ಇದ್ದ ಮನೆಗಳು ನೂರಾರಾದವು. ಕ್ಯಾಲಿಫೋರ್ನಿಯಾದಲ್ಲಿ 750 ಚದರ ಅಡಿಗಿಂತ ಕಡಿಮೆ ಇರುವ ಮನೆಗೆ ಇಂಥ ಶುಲ್ಕವಿಲ್ಲ. ಮಾರುಕಟ್ಟೆಯಲ್ಲಿ ರೆಡಿಮೇಡ್ ಮನೆಗಳ ನಕ್ಷೆ ನೋಡಿದರೆ 749 ಚದರ ಅಡಿ ಎಂದು ಕಾಣುವುದು ಇದಕ್ಕೇ. ಅದಕ್ಕಿಂತ ದೊಡ್ಡದಾದರೆ ಮುಖ್ಯ ಮನೆಯ ಅಳತೆಗೆ ತಕ್ಕ ಪಾಲಿನಷ್ಟು ಶುಲ್ಕ. 500 ಚದರ ಅಡಿ ದಾಟಿದರೆ ಊರಿನ ಶಾಲೆಗಳಿಗೆಂದು ಕಟ್ಟುವ ಶುಲ್ಕ ಬೇರೆ ಬರಬಹುದು. ನೀರು, ಚರಂಡಿ, ವಿದ್ಯುತ್ ಸಂಪರ್ಕದ ಖರ್ಚನ್ನು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು.

ಇಷ್ಟೆಲ್ಲ ಅಂಕಿಗಳಿಗಿಂತ ದೊಡ್ಡ ಪ್ರಶ್ನೆ, ಇವನ್ನು ಅಳೆದು ತೀರ್ಮಾನ ಮಾಡುವವರು ಯಾರು ಎನ್ನುವುದು. ಹಿಂದೆ ಅನೇಕ ಊರುಗಳಲ್ಲಿ ವಿಶೇಷ ಅನುಮತಿ ಬೇಕಿತ್ತು. ಅಂದರೆ ಸಾರ್ವಜನಿಕ ಸಭೆ. ಬೀದಿಯವರಿಗೆಲ್ಲ ನೋಟಿಸ್ ಹೋಗುತ್ತಿತ್ತು. ನಿಮ್ಮ ಅಮ್ಮನಿಗೆ ಹಿತ್ತಲಲ್ಲಿ ಒಂದು ಕೋಣೆ ಬೇಕು ಎನ್ನುವುದರ ಮೇಲೆ ಅಪರಿಚಿತರು ಮೈಕ್ ಹಿಡಿದು ಮಾತಾಡುತ್ತಿದ್ದರು. ಊರಿನ ಯೋಜನಾ ಆಯೋಗದವರು ಬೀದಿಯ "ಸ್ವರೂಪ"ಕ್ಕೆ ಇದು ಹೊಂದುತ್ತದೆಯೇ ಎಂದು ಚರ್ಚಿಸುತ್ತಿದ್ದರು. ನಿಯಮಗಳನ್ನೆಲ್ಲ ಪಾಲಿಸಿದ್ದರೂ ಅನುಮತಿ ಸಿಗದೆ ಹೋಗಬಹುದಿತ್ತು. 2002ರ ತಿದ್ದುಪಡಿ ಕ್ಯಾಲಿಫೋರ್ನಿಯಾದಲ್ಲಿ ಈ ಪದ್ಧತಿಗೆ ಕಡಿವಾಣ ಹಾಕಿತು. ಬರೆದಿಟ್ಟ ಅಳತೆಗಳಿಗೆ ನಕ್ಷೆ ಹೊಂದಿದರೆ ಸಭೆ ಇಲ್ಲದೆ ಒಪ್ಪಬೇಕು ಎಂದಿತು. ಆದರೂ ಊರುಗಳು ಆ ಅಳತೆಗಳನ್ನೇ ಬಿಗಿ ಮಾಡಿಕೊಂಡವು. 2016ರಲ್ಲಿ ಮತ್ತು 2019ರಲ್ಲಿ ಬಂದ ಕಾನೂನುಗಳು ಆ ಬಾಗಿಲನ್ನೂ ಮುಚ್ಚಿದವು. ಈಗ ಪೂರ್ತಿ ಅರ್ಜಿ ಕೊಟ್ಟ 60 ದಿನದೊಳಗೆ ಊರು ತೀರ್ಮಾನ ಹೇಳಬೇಕು. ಹೇಳದಿದ್ದರೆ ಒಪ್ಪಿದಂತೆಯೇ ಲೆಕ್ಕ. ಬೇಡ ಅಂದರೆ ಕೊರತೆ ಏನು, ಹೇಗೆ ಸರಿ ಮಾಡಬೇಕು ಎಂದು ಬರೆದು ಕೊಡಬೇಕು. ನಾಲ್ಕು ಅಡಿ ಬಿಟ್ಟು, 16 ಅಡಿ ಎತ್ತರದೊಳಗೆ, 800 ಚದರ ಅಡಿಯ ಮನೆ ಕಟ್ಟುತ್ತೇನೆ ಎಂದರೆ ಸೈಟಿನ ಮುಚ್ಚಿಗೆಯ ಮಿತಿಯನ್ನೋ ತೆರೆದ ಜಾಗದ ಮಿತಿಯನ್ನೋ ತೋರಿಸಿ ತಡೆಯುವಂತಿಲ್ಲ.

ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದಿವೆ. ವಾಷಿಂಗ್ಟನ್ ರಾಜ್ಯದ 2023ರ ಕಾನೂನು ನಗರ ಪ್ರದೇಶದ ಒಂದು ಸೈಟಿನಲ್ಲಿ ಎರಡು ಹಿತ್ತಲ ಮನೆಗೆ ಅವಕಾಶ ಕೊಡಬೇಕೆನ್ನುತ್ತದೆ. ಅರಿಝೋನಾ 2024ರಲ್ಲಿ 75,000ಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಇದನ್ನು ಕಡ್ಡಾಯ ಮಾಡಿತು. ಮ್ಯಾಸಚೂಸೆಟ್ಸ್‌ನಲ್ಲಿ 2025ರ ಫೆಬ್ರವರಿಯಿಂದ 900 ಚದರ ಅಡಿ ಅಥವಾ ಮುಖ್ಯ ಮನೆಯ ಅರ್ಧ, ಯಾವುದು ಕಡಿಮೆಯೋ ಅಷ್ಟರವರೆಗೆ ವಿಶೇಷ ಅನುಮತಿ ಬೇಡ. ನೀವು ಬೇರೆ ರಾಜ್ಯದವರಾದರೆ ನಾನು ಹೇಳಿದ ಕ್ಯಾಲಿಫೋರ್ನಿಯಾದ ಅಂಕಿಗಳನ್ನು ಹಾಗೇ ಹಚ್ಚಬೇಡಿ. ಪ್ರಶ್ನೆಗಳು ಅವೇ, ಉತ್ತರಗಳು ಬೇರೆ.

ವಿರೋಧಿಸುವವರ ಮಾತನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಾಲ್ಕು ಅಡಿ ದೂರದಲ್ಲಿ ಎರಡನೇ ಅಂತಸ್ತಿನ ಕಿಟಕಿ ಬಂದು ಪಕ್ಕದವರ ಅಂಗಳವನ್ನು ನೋಡುತ್ತಿದ್ದರೆ ಅವರಿಗೆ ಕಿರಿಕಿರಿಯಾಗುವುದು ಸಹಜ. ನಕ್ಷೆ ಮಾಡುವಾಗ ಆ ಕಡೆಯ ಕಿಟಕಿಯನ್ನು ಎತ್ತರದಲ್ಲಿ ಇಡಿ, ಬಾಗಿಲನ್ನು ನಿಮ್ಮ ಅಂಗಳದ ಕಡೆಗೇ ಇಡಿ. ಕಾನೂನು ಕೇಳದಿದ್ದರೂ ಮಾಡಿ. ದೊಡ್ಡ ಮರ ಕಡಿಯುವ ಮೊದಲು ಮನೆಯನ್ನು ನಾಲ್ಕು ಅಡಿ ಜರುಗಿಸಬಹುದೇ ನೋಡಿ.

ಇನ್ನೊಂದು ಟೀಕೆ ನನ್ನದೇ. ಈ ಕಾನೂನುಗಳಿಂದ ಲಾಭ ಆಗುವುದು ಈಗಾಗಲೇ ಸೈಟು, ಮನೆ ಇರುವವರಿಗೆ. ಕಟ್ಟಲು ಲಕ್ಷಗಟ್ಟಲೆ ಡಾಲರ್ ಬೇಕು. ಮನೆಯ ಮೇಲೆ ಸಾಲ ಹುಟ್ಟುವವರು ಕಟ್ಟುತ್ತಾರೆ, ಉಳಿದವರು ನೋಡುತ್ತಾರೆ. ಮುಂದೆ ಬರುವ ಬಾಡಿಗೆಯನ್ನು ಆದಾಯ ಎಂದು ಬ್ಯಾಂಕುಗಳು ಬಹಳ ಕಾಲ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಕೇಂದ್ರದ ವಸತಿ ಸಾಲ ವಿಮಾ ಸಂಸ್ಥೆ ಎಫ್‌ಎಚ್‌ಎ ಆ ಬಾಡಿಗೆಯ ಒಂದು ಭಾಗವನ್ನು ಲೆಕ್ಕಕ್ಕೆ ಹಿಡಿಯಬಹುದು ಎಂದಿತು. ಒಳ್ಳೆಯ ಹೆಜ್ಜೆ, ಆದರೆ ಸಾಲದು. ಜೋನಿಂಗ್ ಲೆಕ್ಕ ಸರಿಯಾದ ಮೇಲೆ ಸಾಲದ ಲೆಕ್ಕವೂ ಸರಿಯಾಗಬೇಕು.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಮೇಡಂ ಒಬ್ಬರು ಕೇಳಿದರು: "ನಮ್ಮ ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ಬೇಡ ಅನ್ನುತ್ತಿದೆ. ಏನು ಮಾಡೋದು?" ಕ್ಯಾಲಿಫೋರ್ನಿಯಾದಲ್ಲಿ 2020ರಿಂದ, ಒಂದೇ ಕುಟುಂಬದ ಮನೆಯ ಸೈಟಿನಲ್ಲಿ ಹಿತ್ತಲ ಮನೆಯನ್ನು ಎಚ್‌ಒಎ ಪೂರ್ತಿ ನಿಷೇಧಿಸುವಂತಿಲ್ಲ. ಬಣ್ಣ, ಛಾವಣಿಯಂಥ ವಿಷಯಗಳಲ್ಲಿ ಹೊರೆಯಾಗದ ಷರತ್ತು ಹಾಕಬಹುದು. ಬೇರೆ ಎಷ್ಟೋ ರಾಜ್ಯಗಳಲ್ಲಿ ಈ ರಕ್ಷಣೆ ಇಲ್ಲ. ಹ್ಯೂಸ್ಟನ್ ನಗರವನ್ನೇ ನೋಡಿ. ಅಲ್ಲಿ ಜೋನಿಂಗ್ ಇಲ್ಲ ಎಂದು ಜನ ಹೇಳುತ್ತಾರೆ, ನಿಜ. ಆದರೆ ಕ್ರಯಪತ್ರದಲ್ಲಿ ಬರೆದ ಕರಾರುಗಳಿವೆ, ಅವು ಅಷ್ಟೇ ಬಿಗಿ. ನಿಮ್ಮ ಪತ್ರ ಓದಿ.

ಒಬ್ಬ ಯುವಕರು ಚಕ್ರದ ಮೇಲಿನ ಪುಟ್ಟ ಮನೆ ತಂದು ನಿಲ್ಲಿಸಬಹುದೇ ಎಂದರು. ಅದು ಹೆಚ್ಚಿನ ಊರುಗಳ ಲೆಕ್ಕದಲ್ಲಿ ವಾಹನ, ಮನೆಯಲ್ಲ. ನಿಲ್ಲಿಸಬಹುದು, ವಾಸ ಮಾಡುವಂತಿಲ್ಲ. ಕೆಲವು ಊರುಗಳು ಪ್ರತ್ಯೇಕ ನಿಯಮ ಮಾಡಿ ಬಿಟ್ಟಿವೆ. ಅಡಿಪಾಯದ ಮೇಲಿನ ಪುಟ್ಟ ಮನೆಯ ದಾರಿ ಬೇರೆ. 400 ಚದರ ಅಡಿಯೊಳಗಿನ ಮನೆಗಳಿಗೆಂದೇ ಮಾದರಿ ಸಂಹಿತೆಯ 2018ರ ಆವೃತ್ತಿಯಲ್ಲಿ ಒಂದು ಅನುಬಂಧ ಇದೆ.

ತೆರಿಗೆ ಏರುತ್ತದೆಯೇ? ಏರುತ್ತದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ತೆರಿಗೆಯ ಏರಿಕೆಗೆ ಮಿತಿ ಹಾಕುವ, 1978ರಿಂದ ಇರುವ ಪ್ರಪೊಸಿಷನ್ 13 ಎಂಬ ಕಾನೂನಿನ ಕಾರಣ ಹಳೆಯ ಮನೆಯ ಮೌಲ್ಯ ಹಾಗೇ ಉಳಿಯುತ್ತದೆ. ಹೊಸದಾಗಿ ಕಟ್ಟಿದ ಭಾಗಕ್ಕೆ ಮಾತ್ರ ಮೌಲ್ಯ ಕಟ್ಟಿ ಸೇರಿಸುತ್ತಾರೆ.

ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಬಾಡಿಗೆ ಕೊಡಬಹುದೇ ಎಂದು ಇನ್ನೊಬ್ಬರು ಕೇಳಿದರು. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡಬಾರದು ಎಂದು ಊರು ಷರತ್ತು ಹಾಕಬಹುದು, ಬಹಳ ಊರುಗಳು ಹಾಕಿವೆ. ಪೋರ್ಟ್‌ಲ್ಯಾಂಡ್ 2018ರಲ್ಲಿ ಶುಲ್ಕ ಮನ್ನಾವನ್ನು ಕಾಯಂ ಮಾಡಿದಾಗ, ಹತ್ತು ವರ್ಷ ಪ್ರವಾಸಿ ಬಾಡಿಗೆಗೆ ಕೊಡುವುದಿಲ್ಲ ಎಂದು ಬರೆದುಕೊಡಬೇಕು ಎಂದಿತು. ಅದು ನ್ಯಾಯವೇ. ಮನೆ ಇಲ್ಲದವರಿಗೆ ಮನೆ ಸಿಗಲಿ ಎಂದು ಶುಲ್ಕ ಬಿಟ್ಟದ್ದು.

ಬೇರೆಯಾಗಿ ಮಾರಬಹುದೇ? ಸಾಮಾನ್ಯವಾಗಿ ಇಲ್ಲ, ಸೈಟಿನ ಜೊತೆಗೇ ಹೋಗಬೇಕು. ಕ್ಯಾಲಿಫೋರ್ನಿಯಾದ 2023ರ ಒಂದು ಕಾನೂನು, ಊರು ಒಪ್ಪಿದರೆ ಕಾಂಡೊ ರೀತಿ, ಅಂದರೆ ಫ್ಲಾಟಿನಂತೆ ಪ್ರತ್ಯೇಕವಾಗಿ, ಮಾರಬಹುದು ಎಂದಿದೆ. ಸ್ಯಾನ್ ಹೋಸೆ 2024ರಲ್ಲಿ ಒಪ್ಪಿತು.

ಹಿಂದೆ ಕುಳಿತಿದ್ದ ಹಿರಿಯರೊಬ್ಬರು ತುಸು ಹಿಂಜರಿಯುತ್ತಲೇ ಕೇಳಿದರು: "ಮನೆ ಕೊಳ್ಳುವಾಗಲೇ ಗ್ಯಾರೇಜಿನಲ್ಲಿ ಒಂದು ಮನೆ ಇತ್ತು. ಪರ್ಮಿಟ್ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಈಗ ಹೋಗಿ ಹೇಳಿದರೆ ಒಡೆಸಿಬಿಡುತ್ತಾರಾ ಸರ್?" ಇದು ಬಹಳ ಮನೆಗಳ ಕಥೆ. ಕ್ಯಾಲಿಫೋರ್ನಿಯಾದ 2024ರ ಕಾನೂನಿನ ಪ್ರಕಾರ 2020ಕ್ಕೆ ಮುಂಚೆ ಕಟ್ಟಿದ ಇಂಥ ಮನೆಗಳಿಗೆ ಈಗಿನ ನಿಯಮಕ್ಕೆ ಹೊಂದುವುದಿಲ್ಲ ಎನ್ನುವ ಒಂದೇ ಕಾರಣಕ್ಕೆ ಪರ್ಮಿಟ್ ನಿರಾಕರಿಸುವಂತಿಲ್ಲ. ಆರೋಗ್ಯಕ್ಕೋ ಜೀವಕ್ಕೋ ಅಪಾಯವಿರುವ ಕೊರತೆಗಳನ್ನು ಸರಿಪಡಿಸಬೇಕು. ಅರ್ಜಿ ಹಾಕುವ ಮೊದಲು ಸ್ವತಂತ್ರ ಕಂಟ್ರಾಕ್ಟರ್ ಒಬ್ಬರಿಂದ ತಪಾಸಣೆ ಮಾಡಿಸಿ.

ಆದರೆ ಸರ್, ಪರ್ಮಿಟ್ ಬರುವ ತನಕ ಕಾಯದೆ ಇವತ್ತೇ ಮನೆಗೆ ಹೋಗಿ ಮಲಗುವ ಕೋಣೆಯ ಕಿಟಕಿ ನೋಡಿ. ಬೆಂಕಿ ಬಿದ್ದರೆ ಅದರ ಮೂಲಕ ಒಬ್ಬ ಮನುಷ್ಯ ಹೊರಗೆ ಬರಬೇಕು. ಸಂಹಿತೆ ಕೇಳುವುದು 5.7 ಚದರ ಅಡಿ ತೆರೆಯುವ ಕಿಟಕಿ, ನೆಲಮಟ್ಟದಲ್ಲಾದರೆ 5 ಸಾಕು. ಕಿಟಕಿಯ ಕೆಳಅಂಚು ನೆಲದಿಂದ 44 ಅಂಗುಲಕ್ಕಿಂತ ಮೇಲಿರಬಾರದು. ಹೊಗೆ ಅಲಾರಾಂ ಇದೆಯೇ ನೋಡಿ. ಗ್ಯಾಸ್ ಹೀಟರ್ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಬೇಕೇ ಬೇಕು. ಇವು ಇಲ್ಲದ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.

ಕೊನೆಗೆ ಬಂದ ಪ್ರಶ್ನೆ, ಎಲ್ಲಿಂದ ಶುರು ಮಾಡಬೇಕು ಎನ್ನುವುದು. ಮೊದಲು ಊರಿನ ಅಥವಾ ಕೌಂಟಿಯ (ಜಿಲ್ಲೆಯಂಥ ಆಡಳಿತದ) ಜೋನಿಂಗ್ ನಕ್ಷೆಯಲ್ಲಿ ನಿಮ್ಮ ಸೈಟು ಹುಡುಕಿ. ಕೌಂಟಿಯ ಜಾಗವಾದರೆ ಊರಿನ ಕಚೇರಿಗೆ ಸುಮ್ನೆ ಹೋಗಿ ಕಾಯಬೇಡಿ. ಮನೆ ಕೊಂಡಾಗ ಕೊಟ್ಟ ಟೈಟಲ್ ರಿಪೋರ್ಟ್ ತೆಗೆದು ಈಸ್‌ಮೆಂಟ್, ಅಂದರೆ ನಿಮ್ಮ ಜಾಗದ ಮೇಲೆ ಬೇರೆಯವರಿಗಿರುವ ಬಳಕೆಯ ಹಕ್ಕು, ಇದೆಯೇ ನೋಡಿ. ಹಿಂದಿನ ಗಡಿಯುದ್ದಕ್ಕೂ ವಿದ್ಯುತ್ ಅಥವಾ ಚರಂಡಿಯವರ ಹಕ್ಕಿನ ಪಟ್ಟಿ ಇದ್ದರೆ ಅದರ ಮೇಲೆ ಕಟ್ಟುವಂತಿಲ್ಲ, ನಾಲ್ಕು ಅಡಿಯ ನಿಯಮ ಅಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದು ಇನ್ನೊಂದು ಮನೆಯನ್ನು ತಡೆಯುತ್ತದೆಯೇ ಎಂದು ಮೊದಲೇ ಕೇಳಿ. ಸರ್ವೆ ಮಾಡಿಸಿ. ಬಹಳ ಊರುಗಳಲ್ಲಿ ಮೊದಲೇ ಒಪ್ಪಿದ ನಕ್ಷೆಗಳಿವೆ, ಅವನ್ನು ಕೇಳಿ ನೋಡಿ, ಹಣವೂ ಸಮಯವೂ ಉಳಿಯುತ್ತದೆ. ಆಮೇಲೆ ಪ್ಲಾನಿಂಗ್ ಕೌಂಟರಿಗೆ ಹೋಗಿ. ಅಲ್ಲಿ ಹೇಳಿದ್ದನ್ನು ಈಮೇಲಿನಲ್ಲಿ ಬರೆದು ಕೊಡಿ ಎಂದು ಕೇಳಿ, ಯಾವ ಸೆಕ್ಷನ್ ಎನ್ನುವುದನ್ನೂ ಸೇರಿಸಿ. ಟೈಲ್ಸ್ ಅಂಗಡಿಗೆ ಹೋಗುವುದು ಆ ಈಮೇಲ್ ಬಂದ ಮೇಲೆ.